ಬರಹ ಇರಬಾರದು

ಮೊದಲು ಮಾರಿದ್ದು ಒಂದು ಮೆಟ್ಟಿಲು.
ಕೆಂಪುಕಲ್ಲಿನದು, ಸಂದಿನಲ್ಲಿ ಜರಿಗಿಡ, ಮೂಲೆಗೊಂದು ಬಸವನಹುಳ.
ಯಾರೋ ಕೊಂಡರು, ಫಿನ್ಲೆಂಡಿನವರು, ಇಪ್ಪತ್ತೇಳು ಸೆಂಟಿಗೆ.
ಹೆಂಡತಿ ಕೇಳಿದಳು: ಮೆಟ್ಟಿಲನ್ನು ಅವರೇನು ಮಾಡುತ್ತಾರೆ?
ಹತ್ತುತ್ತಾರೋ ಇಳಿಯುತ್ತಾರೋ, ನನಗೇನು ಗೊತ್ತು ಮಾರಾಯ್ತಿ.

ಸ್ಟುಡಿಯೋ ಖಾಲಿ. ಕನ್ನಡಿಯ ಬುಡದಲ್ಲಿ ಬಾಚಣಿಗೆ ಇನ್ನೂ ಇದೆ,
ಪೌಡರು ಡಬ್ಬಿಯಲ್ಲೇ ಗಟ್ಟಿಯಾಗಿದೆ.
ಇದ್ದದ್ದು ಒಂದೇ ಕೋಟು;
ಕುಂಬಳೆಯ ಅರ್ಧ ಗಂಡಸರು ಅದರೊಳಗೆ ಹೊಕ್ಕು ಗಲ್ಫಿಗೆ ಹೋದರು.
ಈಗದು ಪ್ರಿಂಟರಿಗೆ ಹೊದಿಕೆ.

ರಾತ್ರಿ ಕೂತು ಚಿತ್ರ ಏರಿಸುತ್ತೇನೆ.
ಬೆಳಿಗ್ಗೆ ಉತ್ತರ: ನಿಮ್ಮ ಚಿತ್ರದಲ್ಲಿ ಗದ್ದಲವಿದೆ.
ಮೀನು ಮಾರ್ಕೆಟಿನಲ್ಲಿ ಗದ್ದಲವಿರದೆ ಇನ್ನೇನಿರುತ್ತದೆ.
ಇನ್ನೊಂದಕ್ಕೆ: ಇಂಥದ್ದು ನಮ್ಮಲ್ಲಿ ಲಕ್ಷ ಇದೆ.
ಅದು ಸೂರ್ಯಾಸ್ತ. ಸರಿಯೇ.

ಪ್ರತಿ ಚಿತ್ರಕ್ಕೂ ಐವತ್ತು ಪದ ಕೊಡಬೇಕು,
ಹುಡುಕುವವರ ಕೈಗೆ ಸಿಗುವಂತೆ.
ಒಂದೇ ಬುಟ್ಟಿಯ ಸುತ್ತ ನಿಂತು
ಬಂಗುಡೆ ಅನ್ನುವವರು, ಅಯಲ ಅನ್ನುವವರು, ಬಾಂಗ್ಡೊ ಅನ್ನುವವರು.
ಪದದ ಪೆಟ್ಟಿಗೆ ಒಂದನ್ನೂ ನುಂಗಲಿಲ್ಲ.
ಫಿಶ್ ಎಂದೆ, ನುಂಗಿತು.
ಫ್ರೆಶ್ ಎಂದೆ. ಆ ದಿನದ ಮಟ್ಟಿಗೆ ಅದು ಸುಳ್ಳು.

ಜಲಜಾಕ್ಷಿಯ ಕೈ ಚೆನ್ನಾಗಿ ಓಡುತ್ತದೆ.
ಬೀಡಿ ಬೇಡ, ತಂಬಾಕು ತೆಗೆಯಿರಿ ಅಂದರು;
ತೆಗೆದೆ. ಉಳಿದದ್ದು
ಏನನ್ನೋ ಸುತ್ತುತ್ತಿರುವ, ಏನೂ ಇಲ್ಲದ ಬೆರಳು.
ವೃದ್ಧೆ ಎಂದು ಬರೆದೆ, ಪ್ರಾರ್ಥನೆ ಎಂದು ಬರೆದೆ, ಬೇಡಿಕೆ ಅದಕ್ಕೇ.
ಸಹಿಯ ಕಾಗದ ಹಿಡಿದು ಹೋದಾಗ ಪೂರಾ ಓದಿಸಿಕೊಂಡಳು:
ಲೋಕದಲ್ಲೆಲ್ಲ, ಎಂದೆಂದಿಗೂ, ಯಾವ ಕೆಲಸಕ್ಕಾದರೂ.
“ಪ್ರಾಯ ಎಷ್ಟು ಹಾಕಿದ್ದೀರಿ?”
ಹಾಕಿಲ್ಲ ಎಂದೆ.
“ನಲವತ್ತೊಂಬತ್ತು” ಎಂದಳು, ಸಹಿ ಮಾಡಿದಳು.
ತಂಬಾಕಿನ ಹುಡಿ ಕಾಗದಕ್ಕೆ ಅಂಟಿಕೊಂಡು ಬಂತು.

ಮೊದಲ ನೂರು ಡಾಲರು ತುಂಬಲು ಎರಡು ವರ್ಷ ಒಂದು ತಿಂಗಳು.
ಅವಳ ಪಾಲು ಸಾವಿರದ ಇನ್ನೂರು ಕೊಟ್ಟೆ.
“ನಾಲ್ಕೂವರೆ ಸಾವಿರ ಬೀಡಿ” ಎಂದಳು. ಅಷ್ಟೇ.

ಎಲ್ಲಕ್ಕಿಂತ ದೊಡ್ಡ ನಿಯಮ: ಚಿತ್ರದಲ್ಲಿ ಬರಹ ಇರಬಾರದು.
ಸೋಪಿನ ಹೆಸರು, ಬಸ್ಸಿನ ಹೆಸರು, ಅಂಗಡಿ, ಪಕ್ಷ, ಪಂಚಾಯತು.
ನಮ್ಮಲ್ಲೋ, ಬರಹಕ್ಕೆಂದೇ ಧರಣಿ ಕೂತವರಿದ್ದಾರೆ.
ಹತ್ತನೇ ಕ್ಲಾಸಿನಲ್ಲಿ ನಾನೂ ಕೂತಿದ್ದೆ.
ಕೊಳಕೆಬೈಲು ಬಸ್‌ಸ್ಟಾಪಿನ ಹಲಗೆಯಲ್ಲಿ
ಕನ್ನಡ ಮೇಲಿರಬೇಕೋ, ಮಲಯಾಳ ಮೇಲಿರಬೇಕೋ.
ಒಂದು ರಾತ್ರಿ ಒಬ್ಬರು ಟಾರು ಬಳಿದರು, ಮರುರಾತ್ರಿ ಇನ್ನೊಬ್ಬರು.
ಪೋಲೀಸು ಜೀಪು ಬಂತು, ಒಬ್ಬನ ಚಪ್ಪಲಿ ಗದ್ದೆಯಲ್ಲಿ ಹೋಯಿತು.

ಅದನ್ನೇ ನಾನು, ಚಾ ಆರುವಷ್ಟರಲ್ಲಿ,
ಮೌಸಿನಿಂದ ಒರೆಸಿದೆ, ಎರಡನ್ನೂ,
ಪಕ್ಕದ ಗೋಡೆಯ ಪಾಚಿಯನ್ನೇ ಮೇಲೆ ಎಳೆದು.
ಯಾರೂ ಘೋಷಣೆ ಕೂಗಲಿಲ್ಲ.
ಚಿತ್ರ ಪಾಸಾಯಿತು.
ಕೊಟ್ಟ ಪದ: ಗೋಡೆ, ಮಳೆಗಾಲ, ಏಕಾಂತ, ಎಲ್ಲಿಯಾದರೂ.

ಮೊನ್ನೆ ಮಸ್ಕತ್ತಿನಿಂದ ಒಂದು ಆರ್ಡರು.
ಪ್ರಿಂಟೇ ಬೇಕಂತೆ, ಮೂರಡಿ ಅಗಲ, ಕ್ಯಾನ್ವಾಸಿನ ಮೇಲೆ;
ಅವರೇ ಹೇಳಿದ ರೇಟು, ನಾನು ಕೇಳಲು ಹೆದರುತ್ತಿದ್ದದ್ದು.
ಮೊಯಿದೀನ್ ಕುಂಞಿ, ಬೇಕರಿ ಇಟ್ಟವರು. ಜತೆಗೆ ಒಂದು ಮಾತು:
ಇದು ನಮ್ಮ ಕೊಳಕೆಬೈಲಲ್ಲವಾ?
ಹೆಂಚಿನ ಆ ತೂತು ನನ್ನದು, ನೆಲ್ಲಿಕಾಯಿಗೆ ಹೊಡೆದ ಕಲ್ಲು.
ಬೋರ್ಡು ಇರುವ ಚಿತ್ರ ಕಳಿಸಿ.

ಹುಡುಕಿದೆ. ಒರೆಸಿದ್ದನ್ನು ಮೂಲದ ಮೇಲೆಯೇ ಸೇವ್ ಮಾಡಿದ್ದೆ.
ಕ್ಯಾಮರಾ ಎತ್ತಿಕೊಂಡು ಹೋದೆ. ಅಲ್ಲಿ ಆರು ಪಥದ ಹೆದ್ದಾರಿ.
ಗೋಡೆ ಇದ್ದ ಜಾಗದೊಳಗಿಂದ
ಒಂದು ಟ್ಯಾಂಕರು ಹಾದುಹೋಯಿತು.

ಸರಿ, ನಾನೇ ಬರೆದುಬಿಡುವ ಎಂದು ಕೂತೆ.
ಹಳದಿ ಹಲಗೆ, ಕಪ್ಪು ಅಕ್ಷರ,
ಳಕಾರದ ಬಾಲವನ್ನು ತುಕ್ಕು ತಿಂದದ್ದೂ ನೆನಪಿದೆ.
ಎರಡು ಲಿಪಿಯೂ ಬರುತ್ತದೆ, ಕೈ ನಡುಗುವುದಿಲ್ಲ.
ಆದರೆ ಯಾವುದು ಮೇಲಿತ್ತು?

ಹೆಂಡತಿಯನ್ನು ಕೇಳಿದೆ. ಜಲಜಾಕ್ಷಿಯನ್ನು ಕೇಳಿದೆ.
ಧರಣಿಯಲ್ಲಿ ಪಕ್ಕ ಕೂತಿದ್ದ ಐತಪ್ಪ ಬೆಳ್ಚಪ್ಪಾಡನಿಗೆ ಫೋನು ಮಾಡಿದೆ,
ಆ ಚಪ್ಪಲಿ ಅವನದೇ.
ತುಂಬ ಹೊತ್ತು ಸುಮ್ಮನಿದ್ದು ಕೇಳಿದ:
ಅವತ್ತು ನಾವು ಗೆದ್ದೆವಾ?