ಏಳೋ ಹನ್ನೆರಡೋ

ವಿಲ್ನಿಯಸ್ಸಿನಲ್ಲಿ ಜನವರಿ. ತರಬೇತಿಯ ಮೊದಲ ದಿನ.
ವಲಸೆ ಇಲಾಖೆಯ ನಾಲ್ಕನೇ ಮಹಡಿ,
ಹೀಟರಿನ ಮೇಲೆ ಒಣಗುತ್ತಿರುವ
ಒಂಬತ್ತು ಜೊತೆ ಕೈಗವಸು.
ರಿಮ್ವಿದಾಸ್ ಮೇಷ್ಟ್ರು ಬಿಸ್ಕತ್ತಿನ ಡಬ್ಬಿ ತೆರೆದಿಟ್ಟು ಅಂದರು:
ಮೊದಲು ಒಂದು ಆಟ, ಬಿಗುವು ಬಿಡಲಿ.
ಎರಡು ನಿಜ ಹೇಳಿ, ಒಂದು ಸುಳ್ಳು.
ಉಳಿದವರು ಸುಳ್ಳನ್ನು ಹಿಡಿಯಲಿ.
ಮುಂದೆ ನಿಮ್ಮ ಅನ್ನವೂ ಅದೇ.

ಗಿಂತೌತಾಸ್ ಎದ್ದ.
ಹಾವು ತಿಂದಿದ್ದೇನೆ. ನನಗೆ ಈಜು ಬರುವುದಿಲ್ಲ.
ಎರಡು ಸಲ ಮದುವೆಯಾಗಿದ್ದೇನೆ.
ಹಾವು, ಹಾವು ಅಂತ ಕೂಗಿದೆವು.
ಹಾವು ನಿಜ. ಮದುವೆ ಒಂದೇ ಸಲ,
ಅದೂ ಈಗ ಇಲ್ಲ, ಅಂದು ಕೂತ.
ಗಳಿಗೆ ಯಾರೂ ನಗಲಿಲ್ಲ,
ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕೆವು.

ಸ್ಕೈಸ್ತೆಗೆ ಎಡಗಾಲಲ್ಲಿ ಆರು ಬೆರಳು.
ನಂಬಲಿಲ್ಲವೆಂದು ಅಲ್ಲೇ ಬೂಟು ಕಳಚಿ,
ಉಣ್ಣೆಯ ಕಾಲುಚೀಲ ಎಳೆದು ಮೇಜಿನ ಮೇಲಿಟ್ಟಳು.
ಬಗ್ಗಿ ಎಣಿಸಿದೆವು, ಎರಡೆರಡು ಸಲ.
ಸಾಕ್ಷಿ ಅಂದರೆ ಹಾಗಿರಬೇಕು.

ನನ್ನ ಸರದಿ.
ಆಲೂಗಡ್ಡೆ ಸಿಪ್ಪೆಯನ್ನು ಒಂದೇ ಎಳೆಯಲ್ಲಿ ಸುಲಿಯಬಲ್ಲೆ.
ಚದುರಂಗದಲ್ಲಿ ಶಾಲೆಗೇ ಮೊದಲು ಬಂದಿದ್ದೆ.
ನಾನು ಹುಟ್ಟಿದ್ದು ಟ್ರಾಲಿಬಸ್ಸಿನಲ್ಲಿ,
ಏಳನೇ ನಂಬರು, ಹಿಮಕ್ಕೆ ಸಿಕ್ಕಿ ನಿಂತಿತ್ತಂತೆ,
ಚಾಲಕಿ ತನ್ನ ಬೂಟಿನ ಲಾಡಿ ಬಿಚ್ಚಿ
ಹೊಕ್ಕುಳಬಳ್ಳಿ ಕಟ್ಟಿದಳಂತೆ.

ಮೇಷ್ಟ್ರು ಬೆರಳೆತ್ತಿದರು: ಆ ‘ಅಂತೆ’ ಕೇಳಿಸಿತೆ?
ಸುಳ್ಳಿನ ಬಾಲ ಅಲ್ಲೇ ಅಲ್ಲಾಡುವುದು.
ರೈಲು ಬಿಡಬೇಡ, ಅಂದ ಗಿಂತೌತಾಸ್.
ರೈಲಲ್ಲ, ಬಸ್ಸು, ಅಂದೆ.
ಎಂಟು ಕೈ ಎದ್ದವು
ನನ್ನ ಹುಟ್ಟಿಗೆ ವಿರುದ್ಧವಾಗಿ.

ರಾತ್ರಿ ಕೌನಸ್ಸಿಗೆ ಫೋನು ಹಚ್ಚಿದೆ.
ಏಳಲ್ಲವೇ, ಹನ್ನೆರಡು, ಅಂದಳು ಅಮ್ಮ.
ಲಾಡಿಯಲ್ಲ, ಅವಳ ಜಡೆಯ ರಿಬ್ಬನ್ನು.
ಹಿಮವೇನೋ ಇತ್ತು, ಆದರೆ ಬಸ್ಸು ನಿಂತದ್ದು ಕರೆಂಟು ಹೋಗಿ.
ಹೋದ ವರ್ಷ ಏಳು ಅಂದಿದ್ದೆಯಲ್ಲ?
ಅಂದಿದ್ದರೆ ಏಳೇ ಇರಬೇಕು.
ನೋಯುತ್ತಿದ್ದವಳಿಗೆ ನಂಬರು ನೋಡುವ ಪುರುಸೊತ್ತೆ?

ಮಾರ್ಚಿನಲ್ಲಿ ನನಗೇ ಒಂದು ಕೋಣೆ, ಒಂದು ಮೇಜು.
ಎದುರಿಗೆ ಪಾಮಿರ್ ಗುಡ್ಡದ ಕಡೆಯ ದರ್ಜಿ, ನಜರ್‌ಶೋ.
ಗಡಿಯ ನದಿ ದಾಟಿದೆ ಎನ್ನುತ್ತಾನೆ ರಾತ್ರಿಯಲ್ಲಿ,
ಬೆನ್ನಿಗೆ, ಮಗುವನ್ನು ಕಟ್ಟುವ ಬಟ್ಟೆಯಲ್ಲಿ,
ಹೊಲಿಗೆ ಯಂತ್ರದ ತಲೆ. ಹನ್ನೆರಡು ಕಿಲೋ ಕಬ್ಬಿಣ.
ಯಂತ್ರ ಈಗೆಲ್ಲಿ?
ನೀರಲ್ಲಿ.

ದುಭಾಷಿ ‘ನಾನು’ ಎಂದೇ ಹೇಳುತ್ತಾಳೆ, ಅವಳ ಕೆಲಸದ ನಿಯಮ ಅದು.
‘ಅಂತೆ’ ಎಲ್ಲೂ ಇಲ್ಲ.
ಆದರೆ ಡಿಸೆಂಬರಿನ ಹೇಳಿಕೆಯಲ್ಲಿ ಸೊಂಟದುದ್ದ ಇದ್ದ ನೀರು
ಇವತ್ತು ಎದೆಯ ತನಕ ಏರಿದೆ.
ಫಾರಮ್ಮಿನಲ್ಲಿ ಅದಕ್ಕೆಂದೇ ಒಂದು ಚೌಕ:
ಹೇಳಿಕೆಗಳಲ್ಲಿ ವ್ಯತ್ಯಾಸವಿದೆಯೇ?
ಗುರುತು ಹಾಕಲು ಎಷ್ಟು ಹೊತ್ತು.
ಬೂಟು ಕಳಚಿ ತೋರಿಸಲು
ಇವನಿಗೆ ಆರನೇ ಬೆರಳಿಲ್ಲ.

ಆಟದಲ್ಲಾದರೆ ಕೊನೆಗೆ
ಹೇಳಿದವರೇ ಬಾಯಿಬಿಡುತ್ತಾರೆ, ಇದು ಸುಳ್ಳು, ಇದು ನಿಜ,
ಬಿಸ್ಕತ್ತು ಸುತ್ತು ಬರುತ್ತದೆ.

ಅವನು ತನಗೆ ಕೊಟ್ಟ ಹಕ್ಕುಪತ್ರದ ಅಂಚನ್ನು
ಅರೆ ಬೆರಳಗಲಕ್ಕೆ ಮಡಿಚಿ
ಉಗುರಿನಿಂದ ಒತ್ತುತ್ತಿದ್ದ, ಈ ತುದಿಯಿಂದ ಆ ತುದಿಗೆ,
ಎಲ್ಲೂ ಸೊಟ್ಟವಾಗದಂತೆ. ಇದನ್ನು ಬರೆಯಲು
ಫಾರಮ್ಮಿನಲ್ಲಿ ಜಾಗ ಹುಡುಕಿದೆ.

ನೀರಿನ ಆಳ ಕೇಳಬೇಕಿತ್ತು. ಕೇಳಿದ್ದು ಬೇರೆ:
ದಾಟುವಾಗ ಸೂಜಿ ಅದರಲ್ಲೇ ಇತ್ತೇ?

ಮೊದಲ ಸಲ ತಲೆಯೆತ್ತಿ
ತನ್ನ ಮಾತಿನಲ್ಲಿ ಏನೋ ಹೇಳಿದ.
ಅದು ದುಭಾಷಿಯನ್ನು ದಾಟಿ ನನ್ನ ತನಕ ಬರುವ ಮೊದಲೇ
ಅವನ ಕೈ
ಅಂಗಿಯ ಕಾಲರಿಗೆ ಹೋಗಿ
ಅಲ್ಲಿ ಸೂಜಿಯನ್ನು ತಡಕುತ್ತಿತ್ತು.