ಬ್ರೆಡ್ಡು ಆರುವಷ್ಟು ದೂರ

ದಿನಕ್ಕೆರಡು ಸಲ ಒರೆಸಿದರೂ ಕಲಾಮಾದಲ್ಲಿ
ಅಡಿಗೆಮನೆಯ ಮೇಜಿನ ಮೇಲೆ ತಾಮ್ರದ ಗಣಿಯ ಧೂಳು.
ಆ ಧೂಳಿನಲ್ಲೇ ಬೆರಳಾಡಿಸಿ ಬರೆದ ಎಲಾಡಿಯೊ
ಮೂರು ಊರಿನ ಹೆಸರು:
ಲಾ ಸೆರೆನಾ, ತೆಮುಕೊ, ಲಿಮಾಚೆ.

ಆಮೇಲೆ ಕಾಗದ ತಂದು ಗೆರೆ ಎಳೆದು ಮನೆ ಹಾಕಿದೆವು.
ಕಾಗದದಲ್ಲಿ ಮನೆ ಹಾಕುವುದು ಎಷ್ಟು ಸಲೀಸು!
ಬಾಡಿಗೆಗೊಂದು ಮನೆ, ಶಾಲೆಗೊಂದು,
ಸಂಬಳಕ್ಕೊಂದು, ಆಸ್ಪತ್ರೆಗೊಂದು.
'ಗಾಳಿ' ಎಂದು ಬರೆಯುವಾಗ
ಒಳಕೋಣೆಯಲ್ಲಿ ಗಾಸ್ಪರ್ ಕೆಮ್ಮಿದ,
ಹಾಜರಿ ಕೂಗಿದಾಗ ಎದ್ದು ನಿಂತ ಹುಡುಗನ ಹಾಗೆ.

ಈ ದೇಶದಲ್ಲಿ ಊರು ಆರಿಸುವುದೆಂದರೆ
ಭಯ ಆರಿಸುವುದು.
ಕಡಲ ಮಗ್ಗುಲಿಗೆ ಹೋದರೆ ಬೀದಿಬೀದಿಗೆ ಬಾಣದ ಗುರುತು,
ನೀರು ಎದ್ದು ಬಂದರೆ ಯಾವ ದಿಬ್ಬಕ್ಕೆ ಓಡಬೇಕೆಂದು.
ದಕ್ಷಿಣಕ್ಕೆ ಇಳಿದರೆ ದೂರದಲ್ಲಿ ಬೆಂಕಿಬೆಟ್ಟ,
ಹಿಮದ ಟೋಪಿ ಹಾಕಿಕೊಂಡು ಸಭ್ಯನಂತೆ.
ನೆಲ ನಡುಗುವುದು ಎಲ್ಲ ಕಡೆಯೂ ಪುಕ್ಕಟೆ,
ಅದಕ್ಕೊಂದು ಮನೆ ಬೇಡ ಅಂದ ಎಲಾಡಿಯೊ.

ಎತ್ತು ಏರಿಗೆ, ಕೋಣ ನೀರಿಗೆ.
ಅವನಿಗೆ ತೆಮುಕೊ: ಅಲ್ಲಿ ಲಾರಿ ಕಂಪನಿಯಲ್ಲಿ ಚಿಕ್ಕಪ್ಪನ ಮಗ.
ನನಗೆ ಲಾ ಸೆರೆನಾ: ನರ್ಸುಗಳು ಬೇಕೆಂದು ಅರ್ಜಿ ಕರೆದಿದ್ದರು.
ಲಿಮಾಚೆ ಪಟ್ಟಿಗೆ ಬಂದದ್ದು ಬಾಡಿಗೆ ಕಡಿಮೆಯೆಂದು ಮಾತ್ರ.
"ಅದೊಂದು ಊರೇ? ರೈಲಿಗೆ ಸುಸ್ತಾಗಿ ನಿಂತ ಜಾಗ."
ಮಾಯ್ತೆಗೆ ಹದಿನಾಲ್ಕು. ಅವಳಿಗೆ ಯಾವುದೂ ಬೇಡ.
ಒಂದು ಬೆಳಿಗ್ಗೆ ನೋಡಿದರೆ ಕಾಗದದ ತಳದಲ್ಲಿ
ಹಸಿರು ಶಾಯಿಯ ಹೊಸ ಸಾಲು:
'ಕನ್ಸ್ವೆಲೊ ಇರುವ ಊರು.'
ಎದುರಿನ ಮೂರೂ ಮನೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ಮಾವ ಎರ್ಮಿನಿಯೊ ಕಾಗದ ಮುಟ್ಟಲಿಲ್ಲ.
ಮೂವತ್ತೊಂದು ವರ್ಷ ಗಣಿಯ ಗುಂಡಿಗೆ ಇಳಿದು ಹತ್ತಿದವರು
"ಹೋಗಿ ನೋಡೋಣ" ಅಂದರು, ಅಷ್ಟೆ.

ಫೆಬ್ರವರಿಯ ರಜೆಯೆಲ್ಲ ಬಸ್ಸಿನ ಕಿಟಕಿ.
ಇಳಿದ ಊರಲ್ಲೆಲ್ಲ ಸಂಜೆಯಾದರೆ ಮಾವ
ಅತ್ತೆ ಹೊಲಿದ ಬಟ್ಟೆಯ ಚೀಲ ಹಿಡಿದು
ಒಬ್ಬರೇ ಹೊರಡುವರು, ಬ್ರೆಡ್ಡು ತರಲು.

ಲಾ ಸೆರೆನಾದಲ್ಲಿ ಒಂದು ಗಂಟೆಯ ಮೇಲೆ ಬಂದರು.
ಬ್ರೆಡ್ಡು ತಣ್ಣಗಿತ್ತು.
"ಯಂತ್ರಕ್ಕೆ ದುಡ್ಡು ಕೊಟ್ಟೆ. ಮತ್ತೆ ಬನ್ನಿ ಅಂತು ಯಂತ್ರ."
ತೆಮುಕೊದಲ್ಲಿ ಉಗುರುಬೆಚ್ಚಗೆ.
"ಅಂಗಡಿಯವ ಒಳ್ಳೆಯವ. ಚಳಿಗಾಲಕ್ಕೆ ಊರೆಲ್ಲ ಸೌದೆಯ ಹೊಗೆ,
ಕೆಮ್ಮುವ ಮಗು ಇದ್ದರೆ ಬರಬೇಡಿ ಅಂದ."
ಎಲಾಡಿಯೊ ಕಿಟಕಿಯ ಕಡೆ ತಿರುಗಿ ಕೂತ.

ಲಿಮಾಚೆಯಲ್ಲಿ ಹತ್ತೇ ನಿಮಿಷ.
ಮುರಿದರೆ ಹಬೆ ಎದ್ದಿತು.
"ಮನೆಯಲ್ಲಿ ಎಷ್ಟು ಜನ ಅಂತ ಕೇಳಿದಳು ಅಂಗಡಿಯಾಕೆ.
ಬಾಯಿ ತಪ್ಪಿ ಆರು ಅಂದುಬಿಟ್ಟೆ."
ನಾವು ಐವರು.
ಅತ್ತೆ ತೀರಿಕೊಂಡು ಮೂರು ವರ್ಷ.
ಯಾರೂ ತಿದ್ದಲಿಲ್ಲ.
ಆರನೆಯದನ್ನು ಗಾಸ್ಪರ್ ತಿಂದ,
ಟೊಮೇಟೊ ಹಚ್ಚಿ, ಉಪ್ಪು ಉದುರಿಸಿ,
ಕೆಮ್ಮಲು ಮರೆತು.

ಕೂಡಿ ಕಳೆದು ನೋಡಿದರೆ ಲಿಮಾಚೆಯೇ ಕಟ್ಟಕಡೆ.
ನನ್ನ ಸಂಬಳ ಅರ್ಧ. ಅವನಿಗೆ ಇನ್ನೂ ಕೆಲಸವಿಲ್ಲ.
ಆದರೂ ಬಂದೆವು. ಏಕೆಂದು ಕೇಳಿದವರಿಗೆ
ಗಾಳಿ ಎನ್ನುತ್ತೇನೆ. ಅದು ಸುಳ್ಳಲ್ಲ.
ಕಲಾಮಾದ ಮೇಜನ್ನು ಮಾರಿದೆವು,
ಆ ಕಾಗದ ಅದರ ಖಾನೆಯಲ್ಲೇ ಉಳಿಯಿತು.
ಕೊಂಡವರು ಏನಂದುಕೊಂಡರೋ
ಹಸಿರು ಶಾಯಿಯ ಮೂರು ಸೊನ್ನೆ ಕಂಡು.

ಮಾಯ್ತೆ ನಮ್ಮೊಡನೆ ಮಾತು ಬಿಟ್ಟು ಹನ್ನೊಂದು ದಿನ.
ಈಗಷ್ಟೇ ಅಜ್ಜನ ಕೈಯಿಂದ ಚೀಲ ಕಸಿದುಕೊಂಡು
ದಡದಡ ಮೆಟ್ಟಿಲಿಳಿದು ಹೋದಳು.
ಬಾಗಿಲು ತೆರೆದೇ ಇದೆ.
ಎಷ್ಟು ತರುತ್ತಾಳೋ,
ಐದೋ, ಆರೋ,
ಕನ್ಸ್ವೆಲೊಳನ್ನೂ ಎಣಿಸಿ
ಏಳೋ.