ದೊಡ್ಡದು ಮಾಡುವುದು

ಡಂಡೀಯಲ್ಲಿ ಜನವರಿಗೆ ಮೂರೂವರೆಗೇ ಕತ್ತಲು.
ಟೇ ನದಿಯ ಮೇಲಿನ ರೈಲು ಸೇತುವೆ
ಮೊದಲು ಅರ್ಧ, ಆಮೇಲೆ ಪೂರ್ತಿ
ಮಂಜಿನೊಳಗೆ ಹೋಗುತ್ತದೆ.
ನನ್ನ ಪಾಳಿ ಶುರುವಾಗುವುದು ಅದಕ್ಕೂ ಬಹಳ ಹೊತ್ತಿನ ಮೇಲೆ,
ವಿಶ್ವವಿದ್ಯಾಲಯದಲ್ಲಿ ಕಾವಲಿನವರ ಕೆಮ್ಮು ಮಾತ್ರ ಉಳಿದಾಗ.

ಕೈಯಲ್ಲೊಂದು ಮೀಟರು, ಸೊಂಟದಲ್ಲಿ ಬೀಗದ ಕೈ ಗೊಂಚಲು.
ಯಾರೂ ಇಲ್ಲದ ಕೋಣೆಗಳಲ್ಲಿ
ಎಚ್ಚರ ಕೂತ ಕಂಪ್ಯೂಟರುಗಳನ್ನು ಎಣಿಸುವುದು,
ಬರೆದುಕೊಳ್ಳುವುದು, ಮಲಗಿಸುವುದು.

ಲೈಬ್ರರಿಯ ಎರಡನೇ ಮಹಡಿಯಲ್ಲಿ ತೊಂಬತ್ತಾರು.
ಒಂದರ ಪರದೆಯಲ್ಲಿ ಕಿತ್ತಳೆ ಬಣ್ಣದ ಮೀನು
ನೋಡುವವರಿಲ್ಲದೆ ಎಡದಿಂದ ಬಲಕ್ಕೆ ಈಜಿ
ಅಂಚಿಗೆ ತಾಗಿ ಮತ್ತೆ ಎಡಕ್ಕೆ.
ಇನ್ನೊಂದರಲ್ಲಿ ಅರ್ಧ ವಾಕ್ಯ: ‘ಆದ್ದರಿಂದ ನಾವು’,
ಮುಂದೆ ಬರೀ ಕರ್ಸರು, ಮಿಟುಕು, ಮಿಟುಕು.
ಅದನ್ನು ಸೇವ್ ಮಾಡಿಯೇ ಮಲಗಿಸಿದೆ.
ಆ ನಾವು ಏನಾದೆವೋ, ನಾಳೆ ಯಾರೋ ಮುಗಿಸಲಿ.

ಆರಿಸಿದೆ ಅನ್ನಬಾರದು ನಮ್ಮಲ್ಲಿ.
ಗದಗಿನ ಓಣಿಯಲ್ಲಿ, ಕಂದೀಲಿನ ಬತ್ತಿ ಇಳಿಸುವ ಹೊತ್ತಿಗೆ
‘ದೀಪಾ ದೊಡ್ಡದ ಮಾಡವಾ’ ಅನ್ನುತ್ತಿದ್ದಳು ಚಿಗವ್ವ.
ದೊಡ್ಡದು ಮಾಡಿದರೆ ಕತ್ತಲೆ ಹೇಗೆ ಬರುತ್ತದೆ
ಎಂದು ನಾನು ಕೇಳಿದ್ದೆ.
ಎಣ್ಣೆ ನಾಳೆಗೂ ಉಳೀತಲ್ಲ, ಮಲಕೋ, ಅಂದಳು.

ನಾನೂರ ಹನ್ನೆರಡು ಯಂತ್ರ, ತಲಾ ಐವತ್ತೆಂಟು ವ್ಯಾಟ್.
ಲೆಕ್ಕ ಇಲಾಖೆಯವರು ಹಾಳೆ ತಿರುವಿ ನಕ್ಕರು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬುದಕ್ಕೆ
ಅವರಲ್ಲೂ ಒಂದು ಮಾತಿರಬೇಕು,
ನಗು ಮಾತ್ರ ಅದೇ.

ಎಂಜಿನಿಯರಿಂಗ್ ಕಟ್ಟಡದ ನೆಲಮಾಳಿಗೆಯಲ್ಲಿ
ಒಂದು ಹಳೆಯ ಸರ್ವರ್. ಮೂಗಿಗೆ ಧೂಳು, ಕಿವಿಗೆ ಗೊರಕೆ.
ಮುನ್ನೂರ ಹತ್ತು ವ್ಯಾಟ್, ಹಗಲೂ ರಾತ್ರಿ,
ವರ್ಷಕ್ಕೆ ಎರಡು ಸಾವಿರದ ಏಳುನೂರು ಯೂನಿಟ್ಟು.
ಮೇಲೆ ಅಂಟಿಸಿದ ಚೀಟಿ:
‘ದಯವಿಟ್ಟು ಆರಿಸಬೇಡಿ. ಕೆಲಸ ನಡೆದಿದೆ.’
ಹೆಸರು ಅಳಿಸಿಹೋಗಿತ್ತು.

ಭೂವಿಜ್ಞಾನದವರು ನಮ್ಮದಲ್ಲ ಅಂದರು.
ಗಣಿತದವರು, ಇದ್ದರೂ ಇರಬಹುದು, ಆದರೆ ಅವರು ತೀರಿಕೊಂಡರು.
ಏನು ಕೆಲಸ ನಡೆದಿದೆ ಎಂದು ಯಾರಿಗೂ ಗೊತ್ತಿಲ್ಲ.
ಗುಂಡಿ ಒತ್ತಿದೆ.
ಗೊರಕೆ ನಿಂತ ಕೂಡಲೇ ಇಡೀ ಮಾಳಿಗೆ
ನನ್ನ ಉಸಿರು ಕೇಳಿಸಿಕೊಳ್ಳತೊಡಗಿತು.

ಯಾರಾದರೂ ಕೂಗುತ್ತಾರೆಂದು ಕಾದೆ.
ಮೊದಲ ವಾರ ಇಲ್ಲ. ಎರಡನೇ ವಾರವೂ.
ಮೂರನೆಯ ವಾರ, ಬೆಳಗಿನ ಜಾವ ನಾಲ್ಕೂವರೆಗೆ,
ನೆಲ ಒರೆಸುವ ಎಫೀ ಪೆಟ್ರಿ ನನ್ನ ದಾರಿಗೆ ಅಡ್ಡ ನಿಂತಳು.
ಅವಳ ಡಂಡೀ ಮಾತು ನನ್ನ ಕಿವಿಗೆ
ನಮ್ಮ ಓಣಿಯ ಮಾತಿನ ಹಾಗೇ ಬೀಳುತ್ತದೆ:

‘ಆ ಪೆಟ್ಟಿಗಿ ಹಿಂದ ಬಿಸಿ ಗಾಳಿ ಬರ್ತಿತ್ತು, ಹುಡುಗಿ.
ಹಸಿ ಕೈಗವಸು ಇಪ್ಪತ್ತ ನಿಮಿಷದಾಗ ಒಣಗತಿದ್ವು.
ಹನ್ನೊಂದ ವರ್ಷ.
ಈಗ ಒಣಗವಲ್ವು.’

ನಿಮ್ಮ ಕೋಣೆಯಲ್ಲಿ ರೇಡಿಯೇಟರ್ ಇಲ್ಲವೇ, ಕೇಳಿದೆ.
ಅವಳು ಉತ್ತರ ಕೊಡದೆ ನಡೆದಳು.
ಮೆಟ್ಟಿಲ ಕೆಳಗಿನ ಗೂಡು, ಬಕೆಟ್ಟು, ಬ್ಲೀಚಿನ ವಾಸನೆ,
ಇತ್ತು ರೇಡಿಯೇಟರು, ಸತ್ತ ದನದ ಪಕ್ಕೆಲುಬಿನಂತೆ,
ಮೇಲೊಂದು ಹಳದಿ ಪಟ್ಟಿ:
‘ಖಾಲಿ ಕೋಣೆ. ಉಳಿತಾಯಕ್ಕಾಗಿ ಮುಚ್ಚಲಾಗಿದೆ.’
ಸಹಿ ನನ್ನದು.

ಹಗಲು ಹನ್ನೊಂದಕ್ಕೆ ಬಂದು ನೋಡಿದ್ದೆ.
ಖಾಲಿಯೇ ಇತ್ತು.

ಕ್ಷಮಿಸಿ ಅನ್ನಲು ಹೊರಟ ನಾಲಿಗೆ
ಸ್ಪ್ಯಾನರ್ ತರುತ್ತೇನೆ ಅಂದಿತು.
ತಿರುಪು ಬಿಗಿಯಾಗಿತ್ತು, ಇಬ್ಬರೂ ಹಿಡಿದು ತಿರುಗಿಸಿದೆವು.
ಕೊಳವೆಯೊಳಗೆ ನೀರು ಗುಳುಗುಳು ಅಂದು, ತಡೆದು,
ಮತ್ತೆ ಅಂದು, ಬಂತು.
ಅವಳ ಗವಸುಗಳು ಹತ್ತೂ ಬೆರಳು ಕೆಳಗೆ ಮಾಡಿ
ತೊಟ್ಟಿಕ್ಕುತ್ತ ಕೂತವು.

ಆ ರಾತ್ರಿಯ ಲೆಕ್ಕದಲ್ಲಿ ಇಷ್ಟು ಕಳೆದು ಇಷ್ಟು ಕೂಡಿದೆ.
ಉತ್ತರ ಸ್ವಲ್ಪ ಕಡಿಮೆ ಬಂತು, ಹಾಗೇ ಕಳಿಸಿದೆ.

ಮರುವಾರ ಹೋದಾಗ ಸರ್ವರಿನ ಮೇಲೆ ಚೀಟಿ ಇರಲಿಲ್ಲ.
ಎಫೀ ಅದನ್ನು ಕಿತ್ತು ತಂದು
ರೇಡಿಯೇಟರಿನ ನೆತ್ತಿಗೆ ಹಚ್ಚಿದ್ದಳು.
ದಯವಿಟ್ಟು ಆರಿಸಬೇಡಿ.
ಕೆಲಸ ನಡೆದಿದೆ.